ಮೆದುಳಿನ ಗೆಡ್ಡೆ ಮತ್ತು ಕೀಟೋ ಊಟ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಆಹಾರ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿ ಅಂತ ಓಡಾಡುತ್ತಿರುವ ಮನೆಯವರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿ ಕೇಳುತ್ತಾರೆ: "ಅನ್ನ, ಮುದ್ದೆ ನಿಲ್ಲಿಸಿದರೆ ತಲೆಯ ಗೆಡ್ಡೆ ಕರಗುತ್ತಂತೆ, ಹೌದಾ ಮೇಡಂ?" ಈ ಪ್ರಶ್ನೆಯ ಹಿಂದೆ ನಿಜವಾದ ವಿಜ್ಞಾನ ಇದೆ. ಅದರ ಮೇಲೆ ಸುಳ್ಳು ಭರವಸೆಯೂ ಬೆಳೆದುಕೊಂಡಿದೆ. ಎರಡನ್ನೂ ಬೇರೆ ಮಾಡಿ ಹೇಳಬೇಕು ಅಂತಲೇ ಇದನ್ನು ಬರೆದಿದ್ದೇನೆ. ಇಲ್ಲಿ ಹೆಚ್ಚಾಗಿ ಗ್ಲಿಯೋಮಾ ಗುಂಪಿನ ಗೆಡ್ಡೆಗಳ ಮಾತಿದೆ, ಅಂದರೆ ಮೆದುಳಿನ ನರಕೋಶಗಳಿಗೆ ಆಸರೆಯಾಗಿರುವ ಜೀವಕೋಶಗಳಲ್ಲಿ ಹುಟ್ಟುವಂಥವು. ಅದರಲ್ಲೂ ವೇಗವಾಗಿ ಬೆಳೆಯುವ ಗ್ಲಿಯೋಬ್ಲಾಸ್ಟೋಮಾ. ಅಧ್ಯಯನಗಳು ಜಾಸ್ತಿ ನಡೆದಿರುವುದು ಅದರ ಮೇಲೆಯೇ.

ಕೀಟೋ ಊಟ ಅಂದರೆ ಏನು? ಅನ್ನ ಬಿಟ್ಟು ಚಪಾತಿ ತಿಂದರೆ ಆಯ್ತಾ?

ಆಗಲ್ಲ. ಚಪಾತಿ, ರಾಗಿ, ಅಕ್ಕಿ, ಮೂರರಲ್ಲೂ ಪಿಷ್ಟವೇ ಜಾಸ್ತಿ. ಕೀಟೋ ಊಟದಲ್ಲಿ ಪಿಷ್ಟ ಮತ್ತು ಸಕ್ಕರೆಯನ್ನು ತೀರಾ ಕಡಿಮೆ ಮಾಡಿ, ಆ ಜಾಗಕ್ಕೆ ಕೊಬ್ಬನ್ನು ತರುತ್ತಾರೆ. ಹಳೆಯ ಕಟ್ಟುನಿಟ್ಟಿನ ಪದ್ಧತಿಯಲ್ಲಿ 4 ಗ್ರಾಂ ಕೊಬ್ಬಿಗೆ ಪಿಷ್ಟ ಮತ್ತು ಪ್ರೋಟೀನ್ ಎರಡೂ ಸೇರಿ 1 ಗ್ರಾಂ ಮಾತ್ರ. ಅಂದರೆ ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಸುಮಾರು 90 ಭಾಗ ಕೊಬ್ಬಿನಿಂದಲೇ ಬರಬೇಕು. ಸ್ವಲ್ಪ ಸಡಿಲವಾದದ್ದು ಮಾಡಿಫೈಡ್ ಆಟ್ಕಿನ್ಸ್. ಅದರಲ್ಲಿ ದಿನಕ್ಕೆ ಸುಮಾರು 20 ಗ್ರಾಂ ಪಿಷ್ಟಕ್ಕೆ ಅವಕಾಶ ಇರುತ್ತದೆ.

ಇದು ತೂಕ ಇಳಿಸಲು ಹುಟ್ಟಿದ್ದಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಇದನ್ನು ಮೂರ್ಛೆ ರೋಗಕ್ಕೆ ಸೂಚಿಸಿದರು. ಮಾತ್ರೆಗೆ ಬಗ್ಗದ ಮಕ್ಕಳ ಫಿಟ್ಸ್‌ಗೆ ಇವತ್ತಿಗೂ ಇದು ಒಪ್ಪಿತ ಚಿಕಿತ್ಸೆ. ಗೆಡ್ಡೆಯ ಮಾತು ಬಂದಿದ್ದು ಎಷ್ಟೋ ವರ್ಷಗಳ ನಂತರ.

ಅನ್ನ ಇಲ್ಲದೆ ಮೆದುಳು ನಡೆಯುತ್ತಾ?

ನಡೆಯುತ್ತದೆ. ನಮ್ಮ ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2 ಭಾಗ ಅಷ್ಟೇ. ಆದರೆ ದೇಹ ಬಳಸುವ ಶಕ್ತಿಯಲ್ಲಿ ಸುಮಾರು 20 ಭಾಗ ಅದಕ್ಕೇ ಬೇಕು. ದಿನಕ್ಕೆ ಹೆಚ್ಚುಕಡಿಮೆ 120 ಗ್ರಾಂ ಗ್ಲೂಕೋಸ್. ಪಿಷ್ಟ ಸಿಗದಿದ್ದಾಗ ಲಿವರ್ ಕೊಬ್ಬನ್ನು ಒಡೆದು ಕೀಟೋನ್ ತಯಾರಿಸುತ್ತದೆ. ಗ್ಯಾಸ್ ಖಾಲಿಯಾದಾಗ ಸೌದೆ ಒಲೆ ಹಚ್ಚಿದ ಹಾಗೆ ಇದು. ದೀರ್ಘ ಉಪವಾಸದಲ್ಲಿ ಮೆದುಳು ತನ್ನ ಶಕ್ತಿಯ ದೊಡ್ಡ ಪಾಲನ್ನು ಕೀಟೋನ್‌ನಿಂದಲೇ ಪಡೆಯುತ್ತದೆ ಅಂತ 1967ರಲ್ಲಿ ಓವೆನ್, ಕಾಹಿಲ್ ಮತ್ತು ಜೊತೆಯವರು ತೋರಿಸಿದರು.

ಗೆಡ್ಡೆಗೂ ಸಕ್ಕರೆಗೂ ಏನು ನಂಟು?

1920ರ ದಶಕದಲ್ಲಿ ಜರ್ಮನಿಯ ಒಟ್ಟೊ ವಾರ್ಬರ್ಗ್ ಒಂದು ವಿಚಿತ್ರ ಕಂಡರು. ಆರೋಗ್ಯವಂತ ಜೀವಕೋಶ ಆಮ್ಲಜನಕ ಇದ್ದಾಗ ಗ್ಲೂಕೋಸನ್ನು ಪೂರ್ತಿ ಉರಿಸುತ್ತದೆ. ಕ್ಯಾನ್ಸರ್ ಜೀವಕೋಶ ಆಮ್ಲಜನಕ ಇದ್ದರೂ ಅರ್ಧಕ್ಕೇ ಬಿಟ್ಟು, ಉಳಿದದ್ದನ್ನು ಲ್ಯಾಕ್ಟೇಟ್ ಮಾಡಿ ಹೊರಗೆ ಹಾಕುತ್ತದೆ. ಪೂರ್ತಿ ಉರಿಸಿದರೆ ಒಂದು ಗ್ಲೂಕೋಸ್‌ನಿಂದ ಸುಮಾರು 30 ಎಟಿಪಿ (ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ) ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ಬರೀ 2. ಇಷ್ಟು ನಷ್ಟ ಯಾಕೆ ಮಾಡಿಕೊಳ್ಳುತ್ತದೆ ಅಂದರೆ, ಗೆಡ್ಡೆಗೆ ಶಕ್ತಿಯ ಜೊತೆಗೆ ಹೊಸ ಜೀವಕೋಶ ಕಟ್ಟುವ ಸಾಮಾನೂ ಬೇಕು. ಅದು ಈ ಅರ್ಧ ದಾರಿಯಲ್ಲೇ ಸಿಗುತ್ತದೆ. ವೇಗವಾಗಿ ಬೆಳೆಯಬೇಕಾದ್ದರಿಂದ ಅದು ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳುತ್ತದೆ.

ಪೆಟ್ ಸ್ಕ್ಯಾನ್ ನಿಂತಿರುವುದು ಇದೇ ಗುಣದ ಮೇಲೆ. ವಿಕಿರಣ ಗುರುತು ಹಾಕಿದ ಗ್ಲೂಕೋಸ್‌ನಂಥ ವಸ್ತುವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಜಾಸ್ತಿ ಎಳೆದುಕೊಂಡ ಜಾಗ ಹೊಳೆಯುತ್ತದೆ. ಆದರೆ ಮೆದುಳೇ ಗ್ಲೂಕೋಸ್ ಜಾಸ್ತಿ ಬಳಸುವ ಅಂಗ. ಆದ್ದರಿಂದ ತಲೆಯೊಳಗೆ ಈ ಸ್ಕ್ಯಾನ್ ಓದುವುದು ಅಷ್ಟು ಸುಲಭ ಅಲ್ಲ.

ಹಾಗಾದರೆ ಸಕ್ಕರೆ ನಿಲ್ಲಿಸಿದರೆ ಗೆಡ್ಡೆ ಉಪವಾಸ ಬಿದ್ದು ಸಾಯಬೇಕು, ಅಲ್ವಾ?

ಎಲ್ಲರೂ ಎಡವುವುದು ಇಲ್ಲೇ. ದಯವಿಟ್ಟು ನಿಧಾನವಾಗಿ ಓದಿ.

ಒಂದು, ನೀವು ಒಂದು ಕಾಳು ಅನ್ನ ತಿನ್ನದಿದ್ದರೂ ರಕ್ತದಲ್ಲಿ ಸಕ್ಕರೆ ಸೊನ್ನೆ ಆಗುವುದಿಲ್ಲ, ಆಗಲೂಬಾರದು. ಕೆಂಪು ರಕ್ತಕಣಕ್ಕೆ ಗ್ಲೂಕೋಸ್ ಬೇಕೇ ಬೇಕು. ಲಿವರ್ ಪ್ರೋಟೀನ್ ಮತ್ತು ಕೊಬ್ಬಿನ ಭಾಗಗಳಿಂದ ಅದನ್ನು ತಯಾರಿಸುತ್ತಲೇ ಇರುತ್ತದೆ. ಕೀಟೋ ಊಟ ಸಕ್ಕರೆಯನ್ನು ಇಳಿಸಬಹುದು, ಊಟದ ನಂತರದ ಏರಿಕೆಯನ್ನು ತಡೆಯಬಹುದು. ಗೆಡ್ಡೆಯ ಬಾಗಿಲು ಮುಚ್ಚಲು ಅದಕ್ಕೆ ಆಗಲ್ಲ.

ಇನ್ನೊಂದು, ಗೆಡ್ಡೆ ಸುಮ್ನೆ ಕೂರುವುದಿಲ್ಲ. ಗ್ಲೂಕೋಸ್ ಕಡಿಮೆಯಾದ ಜಾಗದಲ್ಲಿ ಗ್ಲಿಯೋಬ್ಲಾಸ್ಟೋಮಾದ ಕೆಲವು ಹಠಮಾರಿ ಜೀವಕೋಶಗಳು ಗ್ಲೂಟ್-3 ಅನ್ನುವ ಸಾಗಣೆದಾರ ಪ್ರೋಟೀನನ್ನು ಜಾಸ್ತಿ ಮಾಡಿಕೊಳ್ಳುತ್ತವೆ. ಅದು ಸ್ವಲ್ಪವೇ ಗ್ಲೂಕೋಸ್ ಇದ್ದರೂ ಬಾಚಿಕೊಳ್ಳುತ್ತದೆ. ಗೆಡ್ಡೆ ಗ್ಲೂಟಮಿನ್ ಅನ್ನುವ ಅಮೈನೋ ಆಮ್ಲವನ್ನೂ ಬಳಸುತ್ತದೆ. ರೋಗಿಗಳಿಗೇ ಗುರುತು ಹಾಕಿದ ಅಸಿಟೇಟ್ (ವಿನೆಗರ್‌ನಲ್ಲಿರುವ ಆಮ್ಲದ ಒಂದು ರೂಪ) ಕೊಟ್ಟು, ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಯನ್ನು ಪರೀಕ್ಷೆ ಮಾಡಿದ ಒಂದು ಅಧ್ಯಯನ 2014ರಲ್ಲಿ ಬಂತು. ಗೆಡ್ಡೆ ಅಸಿಟೇಟನ್ನೂ ಚೆನ್ನಾಗಿ ಉರಿಸುತ್ತದೆ ಅಂತ ಅದರಲ್ಲಿ ಕಂಡಿತು. "ಕ್ಯಾನ್ಸರ್ ಜೀವಕೋಶದ ಮೈಟೊಕಾಂಡ್ರಿಯಾ (ಶಕ್ತಿ ತಯಾರಿಸುವ ಭಾಗ) ಪೂರ್ತಿ ಕೆಟ್ಟಿರುತ್ತದೆ, ಅದಕ್ಕೆ ಸಕ್ಕರೆ ಬಿಟ್ಟರೆ ಗತಿ ಇಲ್ಲ" ಅಂತ ವಿಡಿಯೋದಲ್ಲಿ ಹೇಳುತ್ತಾರಲ್ಲ, ಆ ಮಾತು ಇದರ ಮುಂದೆ ನಿಲ್ಲುವುದಿಲ್ಲ.

ಗೆಡ್ಡೆ ಕೀಟೋನ್ ತಿನ್ನಲ್ಲ ಅಂತಾರಲ್ಲ?

ಕೀಟೋನ್ ಉರಿಸಲು ಕೆಲವು ಕಿಣ್ವಗಳು ಬೇಕು. ಕೆಲವು ರೋಗಿಗಳ ಗೆಡ್ಡೆಯಲ್ಲಿ ಅವು ಕಡಿಮೆ ಇರುತ್ತವೆ, ಕೆಲವರಲ್ಲಿ ಚೆನ್ನಾಗಿಯೇ ಇರುತ್ತವೆ. 2016ರಲ್ಲಿ ಇಲಿಗಳ ಮೇಲಿನ ಒಂದು ಅಧ್ಯಯನದಲ್ಲಿ ಕೀಟೋ ಊಟ ಕೊಟ್ಟಾಗ ಗೆಡ್ಡೆಯೇ ಕೀಟೋನ್ ಎಳೆದುಕೊಂಡು ಉರಿಸಿತು. ಬೆಳವಣಿಗೆ ನಿಲ್ಲಲಿಲ್ಲ. ಹಾಗಾಗಿ "ತಿನ್ನಲ್ಲ" ಅಂತ ಎಲ್ಲ ಗೆಡ್ಡೆಗೂ ಸೇರಿಸಿ ಹೇಳುವುದು ತಪ್ಪು.

ಮತ್ತೆ ವಿಜ್ಞಾನಿಗಳು ಇದರ ಹಿಂದೆ ಯಾಕೆ ಬಿದ್ದಿದ್ದಾರೆ?

ಯಾಕಂದರೆ ಈ ಊಟ ಬದಲಾಯಿಸುವುದು ಸಕ್ಕರೆಯನ್ನು ಮಾತ್ರ ಅಲ್ಲ. ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಬೆಳೆಯಲು ಹೇಳುವ ಹಾರ್ಮೋನ್, ಆ ಮಾತನ್ನು ಗೆಡ್ಡೆಯೂ ಕೇಳಿಸಿಕೊಳ್ಳುತ್ತದೆ. ಇಲಿಗಳಲ್ಲಿ ಗೆಡ್ಡೆಯ ಸುತ್ತಲಿನ ಊತ ಕಡಿಮೆಯಾಗಿದ್ದು ಕಂಡಿದೆ. ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಅನ್ನುವ ಕೀಟೋನ್ ಬರೀ ಇಂಧನ ಅಲ್ಲ. ಯಾವ ಜೀನ್ ಕೆಲಸ ಮಾಡಬೇಕು, ಉರಿಯೂತ ಎಷ್ಟಿರಬೇಕು ಅನ್ನುವುದರ ಮೇಲೂ ಅದರ ಪ್ರಭಾವ ಇದೆ.

ನನಗೆ ಅತಿ ಆಸಕ್ತಿ ಹುಟ್ಟಿಸಿದ್ದು 2012ರ ಪ್ರಯೋಗ. ಅಮೆರಿಕದ ಫೀನಿಕ್ಸ್‌ನ ಬ್ಯಾರೋ ಸಂಸ್ಥೆಯಲ್ಲಿ ಏಡ್ರಿಯನ್ ಶೆಕ್ ಮತ್ತು ತಂಡದವರು ಮಾಡಿದ್ದು. ಗ್ಲಿಯೋಮಾ ಇದ್ದ ಇಲಿಗಳಿಗೆ ಕೀಟೋ ಊಟದ ಜೊತೆಗೆ ರೇಡಿಯೇಷನ್ ಕೊಟ್ಟರು. 11 ಇಲಿಗಳಲ್ಲಿ 9ರಲ್ಲಿ ಗೆಡ್ಡೆ ಮಾಯವಾಯಿತು, ಮಾಮೂಲಿ ಊಟಕ್ಕೆ ಮರಳಿದ ಮೇಲೂ ವಾಪಸ್ ಬರಲಿಲ್ಲ. ಇಲ್ಲಿ "ಜೊತೆಗೆ" ಅನ್ನುವುದನ್ನು ಬಿಟ್ಟು ಓದಬೇಡಿ.

ಮನುಷ್ಯರಲ್ಲಿ ಏನಾಗಿದೆ?

ಮೊದಲು 1995. ಅಮೆರಿಕದಲ್ಲಿ ಮುಂದುವರಿದ ಗೆಡ್ಡೆ ಇದ್ದ ಇಬ್ಬರು ಚಿಕ್ಕ ಹುಡುಗಿಯರಿಗೆ ಎಂಸಿಟಿ ಎಣ್ಣೆಯ (ಬೇಗ ಕೀಟೋನ್ ಆಗುವ ಕೊಬ್ಬಿನ ಎಣ್ಣೆ) ಕೀಟೋ ಊಟ ಕೊಟ್ಟರು. ಪೆಟ್ ಸ್ಕ್ಯಾನ್‌ನಲ್ಲಿ ಗೆಡ್ಡೆ ಗ್ಲೂಕೋಸ್ ಎಳೆದುಕೊಳ್ಳುವುದು ಸರಾಸರಿ ನೂರಕ್ಕೆ 21.8ರಷ್ಟು ಇಳಿದಿತ್ತು. ಇಡೀ ವಿಷಯಕ್ಕೆ ಜೀವ ಬಂದಿದ್ದು ಆ ಎರಡು ಮಕ್ಕಳಿಂದ. 2010ರಲ್ಲಿ ಇಟಲಿಯ 65 ವರ್ಷದ ಒಬ್ಬ ಮಹಿಳೆಯ ವರದಿ ಬಂತು. ಕ್ಯಾಲೊರಿ ಕಡಿಮೆ ಮಾಡಿದ ಕೀಟೋ ಊಟದ ಜೊತೆ ರೇಡಿಯೇಷನ್, ಕೀಮೋ ಎರಡೂ ಕೊಟ್ಟಿದ್ದರು. ಗೆಡ್ಡೆ ಸ್ಕ್ಯಾನ್‌ನಲ್ಲಿ ಕಾಣದಂತಾಯಿತು. ಕಟ್ಟುನಿಟ್ಟಿನ ಊಟ ನಿಲ್ಲಿಸಿ 10 ವಾರಕ್ಕೆ ಮತ್ತೆ ಬಂತು. ವಿಡಿಯೋಗಳಲ್ಲಿ ಸುತ್ತುವುದು ಇಂಥ ಕಥೆಗಳೇ. ಒಬ್ಬಿಬ್ಬರಲ್ಲಿ ಆದದ್ದರಿಂದ ಊಟದ ಕೆಲಸ ಎಷ್ಟು, ಔಷಧಿಯ ಕೆಲಸ ಎಷ್ಟು ಅಂತ ಬಿಡಿಸಲು ಬರುವುದಿಲ್ಲ.

ಸ್ವಲ್ಪ ದೊಡ್ಡ ಅಧ್ಯಯನಗಳು ಬಂದಾಗ ಚಿತ್ರ ಬದಲಾಯಿತು. 2014ರಲ್ಲಿ ಜರ್ಮನಿಯ ಎರ್ಗೊ ಅಧ್ಯಯನ. ಗೆಡ್ಡೆ ಮರುಕಳಿಸಿದ 20 ಜನ. ಊಟ ಪಾಲಿಸಲು ಸಾಧ್ಯ, ದೊಡ್ಡ ಅಪಾಯ ಇಲ್ಲ ಅಂತ ಗೊತ್ತಾಯಿತು. ಮೂವರಿಗೆ ಒಗ್ಗದೆ ಬಿಟ್ಟರು. ಆದರೆ ಈ ಊಟ ಒಂದೇ ಗೆಡ್ಡೆಯನ್ನು ತಡೆಯಲಿಲ್ಲ, ಅರ್ಧದಷ್ಟು ಜನರಲ್ಲಿ 5 ವಾರದೊಳಗೇ ಬೆಳೆಯಿತು. 2020ರಲ್ಲಿ ಅದರ ಮುಂದಿನ ಭಾಗ, 50 ಜನ. ಮರು-ರೇಡಿಯೇಷನ್ ಸಮಯದಲ್ಲಿ ಅರ್ಧ ಜನಕ್ಕೆ 9 ದಿನ ಕೀಟೋ ಮತ್ತು ಉಪವಾಸ, ಇನ್ನರ್ಧಕ್ಕೆ ಮಾಮೂಲಿ ಊಟ. ಎರಡು ಗುಂಪಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ರಕ್ತದ ಸಕ್ಕರೆ ಚೆನ್ನಾಗಿ ಇಳಿದವರು ಸ್ವಲ್ಪ ಉತ್ತಮವಾಗಿದ್ದರು. ಆದರೆ ಅದು ಆಮೇಲೆ ಲೆಕ್ಕ ಹಾಕಿ ನೋಡಿದ್ದು, ಅದರ ಮೇಲೆ ಮನೆ ಕಟ್ಟಲು ಆಗಲ್ಲ. 2021ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು 25 ಜನಕ್ಕೆ 8 ವಾರ ಮಾಡಿಫೈಡ್ ಆಟ್ಕಿನ್ಸ್ ಮಾದರಿ ಕೊಟ್ಟರು. 21 ಜನ ಮುಗಿಸಿದರು. ವಿಶೇಷ ಎಂಆರ್ ಸ್ಕ್ಯಾನ್‌ನಲ್ಲಿ ಮೆದುಳಿನೊಳಗೆ ಕೀಟೋನ್ ಏರಿದ್ದು ಕಂಡಿತು. ಅಂದರೆ ತಟ್ಟೆಯ ಬದಲಾವಣೆ ತಲೆಯೊಳಗೆ ಮುಟ್ಟುತ್ತದೆ ಅನ್ನುವುದು ಖಚಿತ. ಅದರಿಂದ ಆಯುಸ್ಸು ಹೆಚ್ಚುತ್ತದೆ ಅನ್ನುವುದು ಇನ್ನೂ ಸಾಬೀತಾಗಿಲ್ಲ.

ಆಪರೇಷನ್, ಕರೆಂಟ್ (ರೇಡಿಯೇಷನ್) ಎಲ್ಲ ಬಿಟ್ಟು ಊಟದಲ್ಲೇ ನೋಡೋಣ ಅಂತಿದ್ದೇವೆ…

ಬೇಡ. ಕೈ ಮುಗಿದು ಕೇಳುತ್ತೇನೆ, ಬೇಡ. ಗ್ಲಿಯೋಬ್ಲಾಸ್ಟೋಮಾದಲ್ಲಿ ರೇಡಿಯೇಷನ್ ಜೊತೆ ಟೆಮೊಜೊಲೊಮೈಡ್ ಅನ್ನುವ ಕೀಮೋ ಔಷಧಿ ಕೊಟ್ಟರೆ ಬದುಕಿನ ಅವಧಿ 12.1 ತಿಂಗಳಿಂದ 14.6 ತಿಂಗಳಿಗೆ ಏರಿದ್ದನ್ನು 2005ರ ದೊಡ್ಡ ಅಧ್ಯಯನ ತೋರಿಸಿತು. ಎರಡು ವರ್ಷ ದಾಟಿದವರ ಸಂಖ್ಯೆ ಎರಡೂವರೆ ಪಟ್ಟಾಯಿತು. ಕೀಟೋ ಊಟಕ್ಕೆ ಇಂಥ ಒಂದೇ ಒಂದು ಅಂಕಿ ಇಲ್ಲ. ಗೆಡ್ಡೆ ನಿಧಾನದ್ದಾಗಿದ್ದರೆ, ಉದಾಹರಣೆಗೆ ಐಡಿಎಚ್ ಅನ್ನುವ ಜೀನ್‌ನಲ್ಲಿ ಬದಲಾವಣೆ ಇರುವ ಗ್ಲಿಯೋಮಾ, ಸರಿಯಾದ ಚಿಕಿತ್ಸೆಯಲ್ಲಿ ಎಷ್ಟೋ ವರ್ಷ ಸಿಗಬಹುದು. ಅದನ್ನು ಕಳೆದುಕೊಳ್ಳಬೇಡಿ.

ಎಲ್ಲ ಗೆಡ್ಡೆಗೂ ಒಂದೇ ರೀತಿ ಕೆಲಸ ಮಾಡುತ್ತಾ?

ಇಲ್ಲ. ಬಿ-ರ್‍ಯಾಫ್ ವಿ600ಇ ಅನ್ನುವ ಜೀನ್ ಬದಲಾವಣೆ ಇರುವ ಚರ್ಮದ ಕ್ಯಾನ್ಸರ್‌ನಲ್ಲಿ ಅಸಿಟೊಅಸಿಟೇಟ್ ಅನ್ನುವ ಕೀಟೋನ್ ಇಲಿಗಳ ಗೆಡ್ಡೆಯನ್ನು ಬೆಳೆಸಿದ್ದು ಕಂಡಿದೆ. ಕೆಲವು ಮೆದುಳಿನ ಗೆಡ್ಡೆಗಳಲ್ಲೂ ಇದೇ ಬದಲಾವಣೆ ಇರುತ್ತದೆ. ನಿಮ್ಮ ಬಯಾಪ್ಸಿ ವರದಿ ತರದೆ ಊಟದ ಪಟ್ಟಿ ಕೇಳಬೇಡಿ ಅಂತ ನಾನು ಹೇಳುವುದು ಅದಕ್ಕೇ.

ಡೆಕ್ಸಾ ಮಾತ್ರೆ ಶುರುವಾದ ಮೇಲೆ ಶುಗರ್ ಬಂತು. ಇದಕ್ಕೂ ಊಟಕ್ಕೂ ಸಂಬಂಧ ಇದೆಯಾ?

ಇದೆ. ನನ್ನ ಪ್ರಕಾರ ಈ ಪುಟದಲ್ಲಿ ನಿಮಗೆ ನಾಳೆಯಿಂದಲೇ ಉಪಯೋಗಕ್ಕೆ ಬರುವ ಉತ್ತರ ಇದು.

ಮೆದುಳಿನ ಊತ ಇಳಿಸಲು ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಅದು ಸ್ಟೀರಾಯ್ಡ್. ಲಿವರ್‌ನಿಂದ ಸಕ್ಕರೆ ಹೆಚ್ಚು ಬಿಡಿಸುತ್ತದೆ, ಇನ್ಸುಲಿನ್ ಕೆಲಸವನ್ನು ಮಂದ ಮಾಡುತ್ತದೆ. ಬೇಲೂರು ಕಡೆಯ ಒಬ್ಬ ಸೊಸೆ ಮಾವನ ಲೆಕ್ಕವನ್ನು ಮಗಳ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದು ತಂದಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 104, 110, 98. ಎಲ್ಲ ಸರಿ ಇದೆ ಅಂತ ಮನೆಯವರು ನೆಮ್ಮದಿಯಿಂದ ಇದ್ದರು. ಒಂದು ದಿನ ಅವರೇ ಅನುಮಾನ ಬಂದು ಸಂಜೆ ನೋಡಿದ್ದಾರೆ, 287. ಬೆಳಿಗ್ಗೆ ತೆಗೆದುಕೊಂಡ ಸ್ಟೀರಾಯ್ಡ್ ಮಧ್ಯಾಹ್ನ, ಸಂಜೆ ಊಟದ ನಂತರವೇ ಸಕ್ಕರೆಯನ್ನು ಏರಿಸುತ್ತದೆ. ಬೆಳಗಿನ ಪರೀಕ್ಷೆ ಒಂದನ್ನೇ ನೋಡಿದರೆ ಸಿಗುವುದಿಲ್ಲ. ಆ ಸೊಸೆ ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದ ಆ 287 ನೋಡಿಯೇ ಡಾಕ್ಟರು ಔಷಧಿ ಬದಲಿಸಿದರು.

ಗ್ಲಿಯೋಬ್ಲಾಸ್ಟೋಮಾ ರೋಗಿಗಳಲ್ಲಿ ಸಕ್ಕರೆ ಸತತವಾಗಿ ಜಾಸ್ತಿ ಇದ್ದವರು ಕಡಿಮೆ ಕಾಲ ಬದುಕಿದ್ದು 2009ರ ಒಂದು ಅಧ್ಯಯನದಲ್ಲಿ ಕಂಡಿದೆ. ಸಕ್ಕರೆಯೇ ಕಾರಣ ಅಂತ ಅದರಿಂದ ಹೇಳಲಾಗದು. ಆದರೂ ಸಕ್ಕರೆ ಹಿಡಿತದಲ್ಲಿಡಲು ಯಾವ ಡಾಕ್ಟರೂ ಬೇಡ ಅನ್ನುವುದಿಲ್ಲ. ಅದಕ್ಕೆ ಪೂರ್ತಿ ಕೀಟೋ ಬೇಕಾಗಿಲ್ಲ. ಕಾಫಿಗೆ ಸಕ್ಕರೆ ಬಿಡಿ, ಬೇಕರಿ ತಿಂಡಿ ಬಿಡಿ, ಮುದ್ದೆ ಅರ್ಧ ಮಾಡಿ, ಸೊಪ್ಪು ಮೊಟ್ಟೆ ಹೆಚ್ಚಿಸಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಡೆಕ್ಸಾ ಏಕ್ದಂ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ.

ನಮ್ಮ ಕಡೆ ಊಟದಲ್ಲಿ ಕೀಟೋ ಆಗುತ್ತಾ?

ಕಷ್ಟ, ಆದರೆ ಆಗದೇ ಇರುವುದಲ್ಲ. ಮೊದಲು ಎದುರಿಗೆ ಇರುವುದನ್ನು ನೋಡಿ. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ 65-70 ಗ್ರಾಂ ಪಿಷ್ಟ. ಅದು ಮಾಡಿಫೈಡ್ ಆಟ್ಕಿನ್ಸ್‌ನ ಮೂರು ದಿನದ ಲೆಕ್ಕ. ಅಕ್ಕಿ ರೊಟ್ಟಿ, ಕಡುಬು, ಶಾವಿಗೆ, ಎಲ್ಲ ಅದೇ ದಾರಿ. ಹಾಸನದ ಆಲೂಗೆಡ್ಡೆ, ಕೆಸುವಿನ ಗೆಡ್ಡೆ, ಹಲಸಿನ ಹಣ್ಣು, ಬಾಳೆಹಣ್ಣು ಪಕ್ಕಕ್ಕೆ ಇಡಬೇಕಾಗುತ್ತದೆ. ಬೇಳೆಯಲ್ಲೂ ಪಿಷ್ಟ ಇದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಒಂದು ಬಟ್ಟಲು ಗಟ್ಟಿ ತೊವ್ವೆಗೇ ದಿನದ ಲೆಕ್ಕ ಮುಗಿದು ಹೋಗುತ್ತದೆ.

ಉಳಿಯುವುದು ಏನು? ನಮ್ಮ ಪುಣ್ಯಕ್ಕೆ ಮಲೆನಾಡಿನಲ್ಲಿ ಬೇಕಾದಷ್ಟಿದೆ. ಕಳಲೆ ಪಲ್ಯ, ಮಳೆಗಾಲದ ಅಣಬೆ, ಹಾಗಲಕಾಯಿ, ಬದನೆ, ಎಲ್ಲ ಥರದ ಸೊಪ್ಪು. ತೆಂಗಿನಕಾಯಿ ದೊಡ್ಡ ಆಸರೆ. 100 ಗ್ರಾಂ ಹಸಿ ಕಾಯಿಯಲ್ಲಿ ಸುಮಾರು 33 ಗ್ರಾಂ ಕೊಬ್ಬು, ನಾರು ಕಳೆದರೆ ಪಿಷ್ಟ 6 ಗ್ರಾಂ ಅಷ್ಟೇ. ಮೊಟ್ಟೆ, ಬೆಣ್ಣೆ, ತುಪ್ಪ, ಪನೀರ್, ತಿನ್ನುವವರಿಗೆ ನಾಟಿ ಕೋಳಿ, ಮೀನು. ಕಾಯಿ ಹಾಲು ಹಾಕಿದ ಕೋಳಿ ಸಾರು, ಜೊತೆಗೆ ತುಪ್ಪದಲ್ಲಿ ಹುರಿದ ಅಣಬೆ, ಎರಡು ಮೊಟ್ಟೆ. ಇದು ಹೊಟ್ಟೆ ತುಂಬುವ ಊಟವೇ. ಸಸ್ಯಾಹಾರಿ ಮನೆಗಳಲ್ಲಿ ಪ್ರೋಟೀನ್ ಹೊಂದಿಸುವುದು ಹೆಚ್ಚು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ.

ಅಳತೆಗೆ ಅಡುಗೆ ತಕ್ಕಡಿ ಬೇಕು. ಮಕ್ಕಳ ಫಿಟ್ಸ್‌ಗೆ ಕೊಡುವಾಗ ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಇದರಲ್ಲಿ ಕೈ ಅಂದಾಜು ನಡೆಯಲ್ಲ. ವಿಟಮಿನ್, ಕ್ಯಾಲ್ಸಿಯಂ ಪೂರಕವಾಗಿ ಕೊಡಬೇಕಾಗುತ್ತದೆ.

ತೆಂಗಿನೆಣ್ಣೆ ದಿನಾ ಎರಡು ಚಮಚ ಕುಡಿದರೆ ಸಾಕಂತೆ?

ಅನ್ನ, ರೊಟ್ಟಿ ತಿಂದು ಮೇಲೆ ಎಣ್ಣೆ ಕುಡಿದರೆ ಕ್ಯಾಲೊರಿ ಏರುತ್ತದೆ, ಅಷ್ಟೇ. ಕೀಟೋನ್ ಬೇಗ ತಯಾರಾಗುವುದು 8 ಮತ್ತು 10 ಇಂಗಾಲದ ಕೊಬ್ಬಿನಿಂದ. ಎಂಸಿಟಿ ಎಣ್ಣೆಯಲ್ಲಿ ಇರುವುದು ಅವೇ. ತೆಂಗಿನೆಣ್ಣೆಯಲ್ಲಿ ಅವು ಸಣ್ಣ ಪಾಲು, ಹೆಚ್ಚು ಇರುವುದು ಲಾರಿಕ್ ಆಮ್ಲ. ಅಡುಗೆಗೆ ಚೆನ್ನಾಗಿ ಬಳಸಿ, ಔಷಧಿ ಅಂತ ಕುಡಿಯಬೇಡಿ.

ಬೆಲ್ಲ, ಜೇನುತುಪ್ಪ, ಸಿರಿಧಾನ್ಯ ಪರವಾಗಿಲ್ವಾ?

ಕೀಟೋ ಲೆಕ್ಕದಲ್ಲಿ ಬೆಲ್ಲ, ಜೇನು ಎರಡೂ ಸಕ್ಕರೆಯೇ. ನವಣೆ, ಸಾಮೆ ಒಳ್ಳೆಯ ಧಾನ್ಯ, ಆದರೂ ಧಾನ್ಯ. ಫಿಟ್ಸ್‌ನ ಸಿರಪ್‌ನಲ್ಲೂ ಸಕ್ಕರೆ ಇರಬಹುದು, ಮಾತ್ರೆ ಸಿಗುತ್ತದಾ ಕೇಳಿ.

ಯಾರು ಮಾಡಲೇಬಾರದು?

ಲಿವರ್ ಕೆಟ್ಟವರು, ಪ್ಯಾಂಕ್ರಿಯಾಸ್ ಊತ ಬಂದವರು, ಪೋರ್ಫಿರಿಯಾ ಅನ್ನುವ ಅಪರೂಪದ ಕಾಯಿಲೆ ಇರುವವರು, ಹುಟ್ಟಿನಿಂದ ಕೊಬ್ಬು ಉರಿಸುವ ಕಿಣ್ವದ ತೊಂದರೆ ಇರುವವರು. ಡಯಾಬಿಟೀಸ್‌ಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರು ಬಹಳ ಹುಷಾರಾಗಿರಬೇಕು. ಈ ಮಾತ್ರೆಗಳ ಜೊತೆ ಪಿಷ್ಟ ನಿಲ್ಲಿಸಿದರೆ ರಕ್ತ ಆಮ್ಲವಾಗುವ ಕೀಟೋಆಸಿಡೋಸಿಸ್ ಬರಬಹುದು, ಅದೂ ಸಕ್ಕರೆ ಹೆಚ್ಚಿರದೆಯೇ. ವಾಂತಿ, ಹೊಟ್ಟೆ ನೋವು, ಏದುಸಿರು ಕಂಡರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಓಡಿ. ಇನ್ಸುಲಿನ್ ಹಾಕಿಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯುವ ಭಯ. ಫಿಟ್ಸ್‌ಗೆ ಟೋಪಿರಮೇಟ್ ತಿನ್ನುವವರಿಗೆ ಕಿಡ್ನಿ ಕಲ್ಲಿನ ಸಾಧ್ಯತೆ ಜಾಸ್ತಿ, ನೀರು ಚೆನ್ನಾಗಿ ಕುಡಿಯಬೇಕು. ಮಲಬದ್ಧತೆ ಮಾತ್ರ ಅನೇಕರಿಗೆ ಬರುತ್ತದೆ.

ಕೀಟೋನ್ ಎಷ್ಟಿರಬೇಕು?

ಬೆರಳಿನ ರಕ್ತದಲ್ಲಿ ನೋಡಿದರೆ ಸಾಮಾನ್ಯವಾಗಿ ಲೀಟರಿಗೆ 0.5ರಿಂದ 3 ಮಿಲಿಮೋಲ್. ಮೂತ್ರದ ಪಟ್ಟಿ ಅಗ್ಗ, ಆದರೆ ಅಷ್ಟು ನಂಬಿಕೆಗೆ ಅರ್ಹ ಅಲ್ಲ. ಬೋಸ್ಟನ್ ಕಾಲೇಜಿನ ಥಾಮಸ್ ಸೀಫ್ರೀಡ್ ತಂಡದವರು ಸಕ್ಕರೆಯನ್ನು ಕೀಟೋನ್‌ನಿಂದ ಭಾಗಿಸುವ ಒಂದು ಸೂಚ್ಯಂಕ ಹೇಳಿದ್ದಾರೆ. ಸಕ್ಕರೆ 90 ಇದ್ದರೆ, ಅದನ್ನೂ ಮಿಲಿಮೋಲ್ ಲೆಕ್ಕಕ್ಕೆ ತರಲು 18ರಿಂದ ಭಾಗಿಸಿ, 5 ಬರುತ್ತದೆ. ಕೀಟೋನ್ 2.5 ಇದ್ದರೆ ಆ 5ನ್ನು ಅದರಿಂದ ಭಾಗಿಸಿ, ಸೂಚ್ಯಂಕ 2. ಅದು 1ರ ಹತ್ತಿರ ಬರಬೇಕು ಅನ್ನುವುದು ಅವರ ವಾದ. ಅಷ್ಟು ಇಳಿಸಿದರೆ ಮನುಷ್ಯರಿಗೆ ಲಾಭ ಅಂತ ಸಾಬೀತಾಗಿಲ್ಲ, ಆ ಸಂಖ್ಯೆಗಾಗಿ ರೋಗಿಯನ್ನು ಉಪವಾಸ ಕೆಡವಬೇಡಿ.

ಅಪ್ಪನಿಗೆ ಈ ಊಟ ಬೇಡವಂತೆ. ನಾವು ಒತ್ತಾಯ ಮಾಡಬೇಕಾ?

ಬೇಡ. ರೇಡಿಯೇಷನ್ ವೇಳೆ ಬಾಯಿ ರುಚಿ ಕೆಡುತ್ತದೆ, ಕೀಮೋದಲ್ಲಿ ವಾಕರಿಕೆ ಇರುತ್ತದೆ. ಆ ಹೊತ್ತಲ್ಲಿ ಎಣ್ಣೆ ತೇಲುವ ಸಾರು ಮುಂದಿಟ್ಟು "ತಿನ್ನಲೇಬೇಕು" ಅಂದರೆ ಅವರು ಊಟವನ್ನೇ ಬಿಡುತ್ತಾರೆ. ತೂಕ ಇಳಿದು ಸ್ನಾಯು ಕರಗಿದರೆ ಚಿಕಿತ್ಸೆ ತಡೆದುಕೊಳ್ಳುವ ಶಕ್ತಿಯೇ ಹೋಗುತ್ತದೆ. ಅವರು ಮುದ್ದೆ, ಬಸ್ಸಾರು ಕೇಳಿದರೆ ಕೊಡಿ. ಅವರಾಗಿಯೇ ಉತ್ಸಾಹದಿಂದ ಮಾಡುತ್ತೇನೆ ಅಂದರೆ ಮಾತ್ರ, ತಜ್ಞರ ಜೊತೆ ಶುರು ಮಾಡಿ.

ಡಾಕ್ಟರ ಹತ್ತಿರ ಹೋದಾಗ ಏನು ಕೇಳಲಿ?

ಒಪಿಡಿಯಲ್ಲಿ ಸಿಗುವ ಸಮಯ ಕಡಿಮೆ, ಹಾಗಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗೆಡ್ಡೆಯ ಹೆಸರು, ಗ್ರೇಡ್, ಐಡಿಎಚ್ ಮತ್ತು ಬಿ-ರ್‍ಯಾಫ್ ವರದಿ ಏನು ಹೇಳುತ್ತದೆ? ಈಗ ತಿನ್ನುವ ಮಾತ್ರೆಗಳಲ್ಲಿ ಕೀಟೋ ಜೊತೆ ಹೊಂದದ್ದು ಯಾವುದು? ಶುರು ಮಾಡುವ ಮೊದಲು ಲಿವರ್, ಕಿಡ್ನಿ, ಕೊಲೆಸ್ಟ್ರಾಲ್ ಪರೀಕ್ಷೆ ಬರೆದುಕೊಡುತ್ತೀರಾ? ಆಸ್ಪತ್ರೆಯಲ್ಲಿ ಕೀಟೋ ಗೊತ್ತಿರುವ ಡಯೆಟಿಷಿಯನ್ ಇದ್ದಾರಾ? ಮಕ್ಕಳ ಫಿಟ್ಸ್ ವಿಭಾಗದಲ್ಲಿ ಸಿಗುವ ಸಾಧ್ಯತೆ ಜಾಸ್ತಿ. ಎಷ್ಟು ತೂಕ ಇಳಿದರೆ ನಿಲ್ಲಿಸಬೇಕು? ಊರಲ್ಲಿ ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಲಿ? ಚೀಟಿಯ ಜೊತೆಗೆ ಒಂದು ವಾರದ ಸಕ್ಕರೆ ಲೆಕ್ಕ ಇರಲಿ, ಸಂಜೆಯದ್ದೂ ಸೇರಿಸಿ.